ಗೋಡೆಗೇರಿದ ತಾರಸಿ

ತೆತ್ವಾನ್ ಊರಿನ ಹಳೇ ಪೇಟೆಯಲ್ಲಿ ಲಲ್ಲಾ ತುರಿಯಾ ಹೋಗದ ಮದುವೆ ಮದುವೆಯಲ್ಲ, ಅವಳ ಕಿವಿಗೆ ಬೀಳದ ಸುದ್ದಿ ಸುದ್ದಿಯಲ್ಲ. ಅಂಥವಳ ತಂಗಿಯ ಮಗಳು ಇಹ್ಸಾನ್ ಮಾಡಿದ ಏನನ್ನೋ ಟ್ಯಾಂಜಿಯರಿನ ಬಂದರಿನಲ್ಲಿ, ದೇಶದೇಶಗಳ ವಾಸ್ತುಶಿಲ್ಪಿಗಳು ಸೇರುವ ದೊಡ್ಡ ಪ್ರದರ್ಶನದಲ್ಲಿ ಇಟ್ಟಿದ್ದಾರೆ ಎಂದ ಮೇಲೆ ಕೇಳಬೇಕೇ? ವ್ಯಾನು ಗೊತ್ತುಮಾಡಿದಳು. ಡಬ್ಬಿ ತುಂಬ ಗ್ರೀಬಾ ಬಿಸ್ಕತ್ತು ಸುಟ್ಟಳು. ಪಕ್ಕದ ಮನೆಯ ಬತೂಲಳನ್ನೂ ಅವಳ ಗಂಡ ಸೀ ಲಾರ್ಬಿಯವರನ್ನೂ ಎದುರು ಮನೆಯ ಮೆನ್ನಾನಾ ಅಜ್ಜಿಯನ್ನೂ ಹೊರಡಿಸಿದಳು. ಅಲ್ಲಿ ಏನಿದೆ ಎಂದು ಕೇಳಿದವರಿಗೆಲ್ಲ, ನಮ್ಮ ತಾರಸಿಗಳನ್ನು ನೋಡಲು ಜಪಾನಿನಿಂದ ಜನ ಬಂದಿದ್ದಾರೆ ಎನ್ನುತ್ತಿದ್ದಳು. ಜಪಾನಿನವರು ಬಂದಿದ್ದರೋ ಇಲ್ಲವೋ ಅವಳಿಗೇನೂ ಗೊತ್ತಿರಲಿಲ್ಲ.

ವ್ಯಾನಿನ ಮುಂದಿನ ಸೀಟನ್ನು ಸೀ ಲಾರ್ಬಿಯವರಿಗೆ ಬಿಟ್ಟರು. ಅದು ಹಿರಿತನಕ್ಕೆ ಎಂದು ಹೇಳಿದರೂ ಕಾಲಿಗೆ ಎಂಬುದು ಎಲ್ಲರಿಗೂ ಗೊತ್ತು. ಹಿರಿಯ ಹೆಂಗಸರನ್ನು ಲಲ್ಲಾ ಎಂದು ಕರೆದ ಹಾಗೆ ಗೌರವಸ್ಥ ಗಂಡಸರನ್ನು ಸೀ ಎಂದು ಕರೆಯುವುದು ಅಲ್ಲಿನ ರೂಢಿ. ಜೀವಮಾನವಿಡೀ ಮದುವೆಯ ಕರಾರು ಬರೆದವರು ಅವರು. ಆ ಓಣಿಯ ಅರ್ಧ ಸಂಸಾರಗಳು ಅವರ ಅಕ್ಷರದಲ್ಲೇ ಶುರುವಾದವು. ಕೆಲವು ವರ್ಷಗಳ ಹಿಂದೆ ಮಸೀದಿಯ ಒದ್ದೆ ಮೆಟ್ಟಿಲ ಮೇಲೆ ಜಾರಿ ಸೊಂಟ ಮುರಿದು, ಮೂಳೆ ಓರೆಯಾಗಿ ಕೂಡಿಕೊಂಡಿತ್ತು. ಅಲ್ಲಿಂದೀಚೆಗೆ ಬಲಗಾಲು ನೆಟ್ಟಗೆ ಬಿದ್ದರೆ ಎಡಗಾಲು ನೆಲದ ಮೇಲೆ ಅರ್ಧ ಸುತ್ತು ಹಾಕಿಕೊಂಡು ಬಂದು ಸೇರಬೇಕು. ಓಣಿಯಲ್ಲಿ ಯಾರೂ ಈ ಮಾತೆತ್ತುವುದಿಲ್ಲ. ಜೊತೆಗೆ ನಡೆಯುವವರು ತಮಗೂ ಆತುರವಿಲ್ಲ ಎಂಬಂತೆ ನಡಿಗೆ ನಿಧಾನ ಮಾಡಿಕೊಳ್ಳುತ್ತಾರೆ, ಅಷ್ಟೇ.

"ತಾರಸಿ ನೋಡೋಕೆ ಟ್ಯಾಂಜಿಯರ್‌ಗೆ ಹೋಗ್ಬೇಕೇನೇ? ಮನೇಲಿ ಮೆಟ್ಟಿಲು ಹತ್ತಿದ್ರೆ ಸಾಲ್ದಾ?" ಎಂದಳು ಮೆನ್ನಾನಾ ಅಜ್ಜಿ.

"ನಿನ್ನ ಮಂಡಿಗೆ ಮೆಟ್ಟಿಲಿಗಿಂತ ವ್ಯಾನೇ ವಾಸಿ ಅಂತ ಕಣಜ್ಜಿ" ಎಂದಳು ತುರಿಯಾ.

ಮುಂದಿನ ಸೀಟಿನಿಂದ ಸೀ ಲಾರ್ಬಿ ಮೆಲ್ಲಗೆ, ತನಗಂತೂ ಹೋಗಲೇಬೇಕು, ಮದುವೆಯಾದಾಗಿನಿಂದ ತನ್ನ ಮನೆಯ ತಾರಸಿಯನ್ನು ಹಗಲಲ್ಲಿ ನೋಡಿಲ್ಲ ಎಂದರು. ಹೆಂಗಸರೆಲ್ಲ ನಕ್ಕರು. ಅವರು ಹೇಳಿದ್ದು ನಿಜವೇ. ಹಳೇ ಪೇಟೆಯಲ್ಲಿ ಬೀದಿ ಗಂಡಸರದಾದರೆ ತಾರಸಿ ಹೆಂಗಸರದು. ಊಟದ ಪಾತ್ರೆ ತೊಳೆದಾದ ಮೇಲೆ ಸಂಜೆಯ ನಮಾಜಿನವರೆಗೆ ಅಲ್ಲಿ ಬಟ್ಟೆ ಒಣಗುತ್ತದೆ, ಕೂದಲು ಒಣಗುತ್ತದೆ, ಊರಿನ ಗುಟ್ಟುಗಳೂ ಒಣಗುತ್ತವೆ. ಗಾರೆಯವನೋ ಆಂಟೆನಾ ರಿಪೇರಿಯವನೋ ಹತ್ತಲೇಬೇಕಾದರೆ ಮೆಟ್ಟಿಲಲ್ಲಿ ನಿಂತು "ದಾರಿ, ದಾರಿ" ಎಂದು ಗಟ್ಟಿಯಾಗಿ ಕೂಗಬೇಕು. ಆಗ ಅಕ್ಕಪಕ್ಕದ ತಾರಸಿಗಳವರೆಲ್ಲ ತಲೆಗೆ ಬಟ್ಟೆ ಎಳೆದುಕೊಳ್ಳುತ್ತಾರೆ, ಇಲ್ಲವೇ ಇಳಿದುಹೋಗುತ್ತಾರೆ. ಕೂಗದೆ ಹತ್ತಿದವನಿಗೆ ಆ ಓಣಿಯಲ್ಲಿ ಮತ್ತೆ ಕೆಲಸ ಸಿಗುವುದಿಲ್ಲ.

ವಸಂತದಲ್ಲಿ ಇಹ್ಸಾನ್ ಕ್ಯಾಮೆರಾ ಹೊತ್ತುಕೊಂಡು ಮೇಲೆ ಬಂದಾಗ ಯಾರೂ ಕೂಗಲಿಲ್ಲ. ಯಾಕೆ ಕೂಗಬೇಕು? ಬಂದವಳು ಹೆಣ್ಣು. ಯಂತ್ರ ಹೆಣ್ಣಿನ ಕೈಯಲ್ಲಿದ್ದ ಮೇಲೆ ಅದೂ ಹೆಣ್ಣೇ ಎಂದು ಇಡೀ ಓಣಿಯ ತಾರಸಿಗಳು ಲೆಕ್ಕ ಹಾಕಿದವು. ಇಹ್ಸಾನ್ ಮಾತ್ರ ತಿಳಿದ ಹುಡುಗಿ. ಇದನ್ನು ಪ್ರದರ್ಶನದಲ್ಲಿ ತೋರಿಸುತ್ತಾರೆ, ಒಬ್ಬೊಬ್ಬರನ್ನೂ ಕೇಳಿ ಒಪ್ಪಿಸಬೇಕು ಎಂದು ಮೊದಲೇ ಹೇಳಿದ್ದಳು. ನಾನು ಕೇಳುತ್ತೇನೆ, ನನ್ನ ಮಾತನ್ನು ತೆಗೆದುಹಾಕುವವರು ಇಲ್ಲಿ ಯಾರಿದ್ದಾರೆ ಎಂದಳು ತುರಿಯಾ. ಮಾರನೆಯ ದಿನ ಎಲ್ಲರೂ ಒಪ್ಪಿದ್ದಾರೆ ಎಂದು ಹೇಳಿಯೂ ಬಿಟ್ಟಳು. ನೆರೆಯವರಿಗೆ ಅವಳು ಹೇಳಿದ್ದೇ ಬೇರೆ: ಹುಡುಗಿ ಗೋಡೆ ಅಳೆಯುತ್ತಿದ್ದಾಳೆ, ಅದು ಅಳತೆಯ ಯಂತ್ರ. ಕೇಳಿದರೆ ಮೆನ್ನಾನಾ ಅಜ್ಜಿ ಕೊಂಕು ತೆಗೆಯುತ್ತಾಳೆ, ಉಳಿದವರು ಗುರುತಿನ ಚೀಟಿಯ ಫೋಟೋಗೆ ಕೂತ ಹಾಗೆ ಕೂರುತ್ತಾರೆ ಎಂಬುದು ನೆಪ. ತಾನು ಯಜಮಾನಿಕೆ ಮಾಡುವ ಕಡೆ ಇನ್ನೊಬ್ಬರ ಅಪ್ಪಣೆ ಕೇಳುವುದು ಅವಳಿಗೆ ಹಿಡಿಸಲಿಲ್ಲ, ಅದೇ ನಿಜ. ಈಗ ವ್ಯಾನಿನಲ್ಲಿ ಕೂತಾಗ ಒಂದು ಸಣ್ಣ ಅಳುಕು ಇದ್ದೇ ಇತ್ತು. ದೊಡ್ಡ ಗೋಡೆಯ ಮೇಲೆ ತಮ್ಮನ್ನೇ ಕಂಡಾಗ ಎಲ್ಲರೂ ಹಿಗ್ಗುತ್ತಾರೆ, ಬೈಯುವುದು ಮರೆತುಹೋಗುತ್ತದೆ ಎಂದು ಅದನ್ನು ತಟ್ಟಿ ಮಲಗಿಸಿದಳು.

ಪ್ರದರ್ಶನ ಇದ್ದದ್ದು ಹಳೆಯ ಧಾನ್ಯದ ಗೋದಾಮಿನಲ್ಲಿ. ಇಹ್ಸಾನ್ ವ್ಯಾನಿನ ಹತ್ತಿರವೇ ಬಂದು ಎಲ್ಲರನ್ನೂ ಇಳಿಸಿಕೊಂಡು, ಕೆಲಸವಿದೆ ಎಂದು ಮುಂದೆ ಹೋದಳು. ಈ ಸಲ ಊರಿನ ಬಯಲು ಯಾರದು, ಸಾರ್ವಜನಿಕ ಜಾಗ ಯಾರಿಗೆ ಎಂಬುದೇ ವಿಷಯವೆಂದು ಬಾಗಿಲಲ್ಲಿ ಬರೆದಿತ್ತು. ಮೊದಲ ಕೋಣೆಯಲ್ಲಿ ಉದ್ದದ ಮರದ ಬೆಂಚುಗಳು. ಮೆನ್ನಾನಾ ಅಜ್ಜಿ ದೇವರ ಹೆಸರು ಹೇಳಿ ಒಂದರ ಮೇಲೆ ಕೂತೇಬಿಟ್ಟಳು. ಕಪ್ಪು ಬಟ್ಟೆ ತೊಟ್ಟ ಕಾವಲಿನ ಹುಡುಗಿ ಓಡಿಬಂದು, ಅದು ಕಲಾಕೃತಿ, ಕೂರಬಾರದು, ನಗರಗಳು ಜನರ ಆಸನಗಳನ್ನು ಹೇಗೆ ಕಿತ್ತುಕೊಂಡವು ಎಂಬುದನ್ನು ಅದು ಹೇಳುತ್ತದೆ ಎಂದು ವಿನಯದಿಂದ ವಿವರಿಸಿದಳು.

"ಹಾಗಾದ್ರೆ ನೀನೂ ಕಿತ್ಕೊಂಡೆ ಬಿಡು, ಮಗಳೇ" ಎಂದು ಅಜ್ಜಿ ಎದ್ದಳು.

ಮುಂದೆ ಮಣ್ಣಿನ ಊರುಗಳು, ಕಾಗದದ ಸೇತುವೆಗಳು, ಯಾವುದೋ ದೇಶದ ಚೌಕದಿಂದ ತಂದು ಸುರಿದ ಮರಳು. ಸಾರ್ವಜನಿಕ ಜಾಗದ ಬಗ್ಗೆ ಅಷ್ಟೊಂದು ಕೋಣೆಗಳು, ಕೂರಲು ಒಂದು ಕುರ್ಚಿಯಿಲ್ಲ. ಸೀ ಲಾರ್ಬಿ ಗೋಡೆಗೊರಗಿ ನಿಂತು, ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದರು. ತುರಿಯಾ ಅದನ್ನು ನೋಡಿ, ಇರಿ, ಕುರ್ಚಿ ಕೇಳಿ ತರುತ್ತೇನೆ ಎಂದು ಹೊರಟವಳು ಇಹ್ಸಾನಳ ಹೆಸರು ಬರೆದ ಬಾಗಿಲು ಕಂಡದ್ದೇ ಕುರ್ಚಿಯನ್ನು ಮರೆತಳು. ಎಲ್ಲರಿಗಿಂತ ಮೊದಲು ನೋಡಬೇಕೆಂಬ ಚಪಲ ಅವಳದು.

ಒಳಗೆ ಕತ್ತಲೆ. ನಾಲ್ಕು ಗೋಡೆಗಳ ಮೇಲೂ ತೆತ್ವಾನಿನ ಬಿಳಿ ತಾರಸಿಗಳು, ನಡುವೆ ನಿಂತರೆ ಮನೆಯ ಮೇಲೇ ನಿಂತ ಹಾಗೆ. ಹಗ್ಗದ ಮೇಲಿನ ಬಟ್ಟೆ ಗಾಳಿಗೆ ಆಡುತ್ತಿತ್ತು, ಮುರಿದ ಬಕೆಟ್ಟಿನಲ್ಲಿ ಪುದೀನ ಬೆಳೆದಿತ್ತು. ತುರಿಯಾಳ ಎದೆ ಉಬ್ಬಿತು. ಅಗೋ, ನಾನೇ, ತೋಳು ಮೇಲೇರಿಸಿಕೊಂಡು ಚಾದರ ಹಿಂಡುತ್ತಿದ್ದೇನೆ. ಪಕ್ಕದಲ್ಲಿ ನಿಂತ ಹುಡುಗರ ಗುಂಪಿಗೆ ಅದು ನಾನೇ ಎಂದು ಹೇಳಲು ಬಾಯಿ ತೆರೆದಳು. ಆಗ ತಲೆಯ ಮೇಲಿದ್ದ ಸ್ಪೀಕರಿನಿಂದ ಒಂದು ದೊಡ್ಡ ದನಿ ಬಂತು.

"ಬತೂಲ್, ಸೀ ಲಾರ್ಬಿನ ಮಾಡೇ. ಒಂದ್ಸಲ ಮಾಡೇ, ಸುಮ್ನೆ ಕೂತು ಸಾಕಾಯ್ತು."

ಅವಳದೇ ದನಿ. ಗೋಡೆಯ ಮೇಲೆ ಬತೂಲ್, ತಲೆಯ ಮೇಲೆ ಬಟ್ಟೆಯಿಲ್ಲದೆ, ಗೋರಂಟಿ ಹಚ್ಚಿದ ಕೂದಲು ಬೆನ್ನ ತುಂಬ ಬಿಟ್ಟುಕೊಂಡು, ಹಗ್ಗದಿಂದ ಗಂಡನ ಒದ್ದೆ ನಿಲುವಂಗಿಯನ್ನು ಎಳೆದು ತೊಟ್ಟುಕೊಂಡಳು. ಗಂಟಲು ಸರಿಮಾಡಿಕೊಂಡಳು. ಬಲಗಾಲು ಇಟ್ಟು, ಎಡಗಾಲನ್ನು ಅರ್ಧ ಸುತ್ತು ಹಾಕಿಸಿ, ಮುಖದಲ್ಲಿ ಕರಾರು ಬರೆಯುವವರ ಗಾಂಭೀರ್ಯ ತಂದುಕೊಂಡು ತಾರಸಿಯ ಈ ಕೊನೆಯಿಂದ ಆ ಕೊನೆಗೆ ನಡೆದಳು. ತಾರಸಿಗಳೆಲ್ಲ ನಕ್ಕವು. "ಇನ್ನೊಂದ್ಸಲ, ಮಸೀದಿಗೆ ಹೊತ್ತಾಯ್ತು ಅಂತ ಓಡೋದು ಮಾಡು" ಎಂದಿತು ಸ್ಪೀಕರಿನ ದನಿ. ಬತೂಲ್ ಓಡಿದಳು. ಕತ್ತಲೆಯಲ್ಲಿ ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು.

ತುರಿಯಾ ನಗಲಿಲ್ಲ. ಅಂದು ಕ್ಯಾಮೆರಾ ನಡೆಯುತ್ತಿದ್ದದ್ದು ಅವಳಿಗೆ ಗೊತ್ತಿತ್ತು. ನಾನು ಬಂದರೆ ಎಲ್ಲರೂ ಸುಮ್ಮನಾಗುತ್ತಾರೆ, ತಾರಸಿಯಲ್ಲಿ ಜೀವವೇ ಕಾಣುತ್ತಿಲ್ಲ ಎಂದು ಇಹ್ಸಾನ್ ಸಪ್ಪೆ ಮುಖ ಮಾಡಿದ್ದಳು. ಜೀವ ಬೇಕೇ, ತಗೋ ಎಂದು ತುರಿಯಾ ಬತೂಲಳನ್ನು ಎತ್ತಿ ಕೊಟ್ಟಿದ್ದಳು. ಆಮೇಲೆ ಮರೆತೂ ಬಿಟ್ಟಿದ್ದಳು. ಭೂಮಿ ಬಾಯಿಬಿಡಬಾರದೇ ಎಂದುಕೊಳ್ಳುತ್ತಾರಲ್ಲ, ಆ ಮಾತು ಯಾಕೆ ಹುಟ್ಟಿತೆಂದು ಅವಳಿಗೆ ಆ ದಿನ ತಿಳಿಯಿತು. ಸೀ ಲಾರ್ಬಿ ಇದನ್ನು ನೋಡಬಾರದು. ಏನೇ ಆಗಲಿ, ನೋಡಬಾರದು.

ಹೊರಗೆ ಬಂದು ಇಹ್ಸಾನಳ ತೋಳು ಹಿಡಿದು, ಸೀ ಲಾರ್ಬಿ ಅದನ್ನು ನೋಡಬಾರದು, ಈಗಲೇ ನಿಲ್ಲಿಸು ಎಂದಳು. ಹುಡುಗಿಗೆ ಮೊದಲು ಅರ್ಥವಾಗಲಿಲ್ಲ.

"ದೊಡ್ಡಮ್ಮ, ಎಲ್ಲರೂ ಒಪ್ಪಿದ್ದಾರೆ ಅಂತ ನೀವೇ ಹೇಳಿದ್ರಲ್ಲ. ಸೀ ಲಾರ್ಬಿ ಅಂದ್ರೆ ಯಾರು ಅಂತ ನನಗೇನು ಗೊತ್ತಿತ್ತು? ನಾನು ಅವರನ್ನ ನೋಡಿದ್ದೇ ಇವತ್ತು ಬೆಳಿಗ್ಗೆ, ವ್ಯಾನಿಂದ ಇಳಿದಾಗ..." ಅಷ್ಟು ಹೇಳುತ್ತಲೇ ಅವಳಿಗೆ ಹೊಳೆಯಿತು. ಬೆಳಿಗ್ಗೆ ಕಂಡ ನಡಿಗೆಯನ್ನೂ ಗೋಡೆಯ ಮೇಲಿನ ನಡಿಗೆಯನ್ನೂ ಅವಳ ಮನಸ್ಸು ಆಗ ಜೋಡಿಸಿತು. "ಯಾರನ್ನೂ ಕೇಳೇ ಇಲ್ವಾ?"

"ಇಲ್ಲ" ಎಂದಳು ತುರಿಯಾ.

ಇಹ್ಸಾನ್ ಇನ್ನೊಂದು ಮಾತಾಡದೆ ಯಂತ್ರ ನೋಡಿಕೊಳ್ಳುವವನನ್ನು ಹುಡುಕಿಕೊಂಡು ಓಡಿದಳು. ಅವನು ಊಟಕ್ಕೆ ಹೋಗಿದ್ದ, ಬೀಗದ ಕೈ ಅವನ ಜೇಬಿನಲ್ಲಿತ್ತು.

ಅಷ್ಟರಲ್ಲಿ ಬತೂಲ್, ಮೆನ್ನಾನಾ ಅಜ್ಜಿ ಬಾಗಿಲ ಹತ್ತಿರ ಬಂದೇ ಬಂದರು. ತುರಿಯಾ ಅಡ್ಡ ನಿಂತು, ಯಂತ್ರ ಕೆಟ್ಟಿದೆ, ಒಳಗೆ ಏನೂ ಇಲ್ಲ ಎಂದಳು. ಬಾಗಿಲ ದಪ್ಪ ಪರದೆಯಾಚೆಯಿಂದ ಮಾತು ತಿಳಿಯದಿದ್ದರೂ ನಗು ಕೇಳಿಸಿತು.

"ಕೆಟ್ಟ ಯಂತ್ರ ನೋಡ್ಕೊಂಡು ನಗ್ತಾರಾ ಈ ಜನ?" ಎಂದಳು ಅಜ್ಜಿ.

ಹುಡುಗರಿಗೆ ನಗಲು ಕಾರಣ ಬೇಕೇ ಎಂದು ತುರಿಯಾ ತೇಲಿಸಿಬಿಟ್ಟಳು. ಮಾತು ಬದಲಿಸಲು, ಸೀ ಲಾರ್ಬಿ ಎಲ್ಲಿ, ಅವರನ್ನು ಕರೆದುಕೊಂಡು ಹೊರಗೆ ಗಾಳಿಗೆ ಹೋಗೋಣ ಎಂದಳು.

"ಅಯ್ಯೋ, ಅವರು ಕೂತಿದ್ದಾರೆ" ಎಂದಳು ಬತೂಲ್. "ನಿಂತು ನಿಂತು ಕಾಲು ನಡುಗ್ತಿತ್ತು. ಆ ಕಾವಲು ಹುಡುಗಿ ಒಳ್ಳೇವಳು, ಕತ್ತಲೆ ಕೋಣೇಲಿ ದಿಂಬು ಹಾಕಿದ್ದಾರೆ ಅಂತ ಆ ಕಡೆ ಬಾಗಿಲಿಂದ ಕರ್ಕೊಂಡು ಹೋದಳು. ನೀನು ಕುರ್ಚಿ ತರ್ತೀನಿ ಅಂತ ಹೋದವಳು ಬರ್ಲೇ ಇಲ್ವಲ್ಲ."

ತುರಿಯಾ ಅವರಿಬ್ಬರನ್ನೂ ಅಲ್ಲೇ ಇರಿ ಎಂದು ಹೇಗೋ ಒಪ್ಪಿಸಿ ಒಳಗೆ ಹೋದಳು. ಹಿಂದಿನ ಮೂಲೆಯಲ್ಲಿ, ದಪ್ಪ ದಿಂಬಿನ ಮೇಲೆ, ಎಡಗಾಲನ್ನು ಮುಂದೆ ಚಾಚಿಕೊಂಡು ಅವರು ಕೂತಿದ್ದರು. ಸುತ್ತ ಹದಿಹರೆಯದವರು, ಒಂದಿಬ್ಬರು ವಿದೇಶದವರು. ಗೋಡೆಯ ಮೇಲೆ ಬತೂಲ್ ಮಸೀದಿಗೆ ಓಡುತ್ತಿದ್ದಳು. ಪಕ್ಕದ ಹುಡುಗ ನಗುತ್ತ ನಗುತ್ತ ಅವರ ಹೆಗಲಿಗೇ ಒರಗಿದ, ಕ್ಷಮಿಸಿ ಹಾಜಿ ಎಂದ. ಪರವಾಗಿಲ್ಲ ಎಂಬಂತೆ ಅವರು ಅವನ ಕೈ ತಟ್ಟಿದರು.

ತುರಿಯಾ ಅವರ ಹಿಂದೆ ಬಂದು ನಿಂತಳು. ಅವರು ತಿರುಗಿ ನೋಡಲಿಲ್ಲ, ಆದರೆ ಬಂದವಳು ಯಾರೆಂದು ಅವರಿಗೆ ತಿಳಿಯಿತು.

"ಕೂತ್ಕೊಳ್ಳಿ, ಲಲ್ಲಾ. ನಿಮ್ಮ ದನಿ ತುಂಬ ಸ್ಪಷ್ಟವಾಗಿ ಬಂದಿದೆ."

ಅವರು ಅದನ್ನು ಚುಚ್ಚಿ ಹೇಳಲಿಲ್ಲ. ಚುಚ್ಚಿದ್ದರೆ ತಡೆದುಕೊಳ್ಳಬಹುದಿತ್ತು. ತುರಿಯಾ ನೆಲದ ಮೇಲೆ ಕೂತಳು. ಏಳಿ, ಹೊರಗೆ ಹೋಗೋಣ ಎಂದು ಅವಳ ಬಾಯಿಂದ ಬಂದದ್ದು ಇಷ್ಟೇ.

"ಈಗ ಎದ್ದು ನಾಲ್ಕು ಹೆಜ್ಜೆ ಇಟ್ರೆ ಅದು ಯಾರ ನಡಿಗೆ ಅಂತ ಇವರಿಗೆಲ್ಲ ಗೊತ್ತಾಗಿಬಿಡುತ್ತೆ. ಇವರು ಹೋಗ್ಲಿ."

ಆದರೆ ಇವರು ಹೋಗುತ್ತಿದ್ದಂತೆ ಬೇರೆಯವರು ಬರುತ್ತಿದ್ದರು. ಕೋಣೆ ಖಾಲಿಯಾಗಲೇ ಇಲ್ಲ. ಚಿತ್ರ ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು, ಬಟ್ಟೆ, ಪುದೀನ, ಚಾದರ ಹಿಂಡುವ ತೋಳು. ತನ್ನ ದನಿ ಇನ್ನೇನು ಬರುತ್ತದೆ ಎಂದು ಗೊತ್ತಿದ್ದೂ ತುರಿಯಾ ಕಿವಿ ಮುಚ್ಚಿಕೊಳ್ಳಲಿಲ್ಲ. ಅವರು ಮುಚ್ಚಿಕೊಳ್ಳದಿದ್ದಾಗ ತಾನು ಹೇಗೆ ಮುಚ್ಚಿಕೊಳ್ಳಲಿ? ದನಿ ಬಂತು. ಬತೂಲ್ ನಿಲುವಂಗಿ ತೊಟ್ಟಳು. ಹೊಸದಾಗಿ ಬಂದವರು ಹೊಸದಾಗಿ ನಕ್ಕರು. ಆಡಿಸಿದವಳು ತಾನು, ಆಡಿದವಳು ಬತೂಲ್, ನಗೆಪಾಟಲಾದವರು ಇವರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಅಡಿಕೆಯೂ ಇರಲಿಲ್ಲ. ತಂಗಿಯ ಮಗಳ ಮುಂದೆ ಒಂದು ಗಳಿಗೆ ದೊಡ್ಡವಳಾಗಿ ಕಾಣಿಸಿಕೊಳ್ಳುವ ಆಸೆಗೆ ಅವಳು ಇಷ್ಟನ್ನು ಮಾಡಿದ್ದಳು.

"ನಮ್ಮ ತಾರಸಿ ಇಷ್ಟು ದೊಡ್ಡದು ಅಂತ ನನಗೆ ಗೊತ್ತಿರ್ಲಿಲ್ಲ" ಎಂದರು ಸೀ ಲಾರ್ಬಿ. ಆಮೇಲೆ, ಗೋಡೆಯ ಮೇಲೆ ಬತೂಲ್ ಆಟ ಮುಗಿಸಿ ಬಿದ್ದು ಬಿದ್ದು ನಗುವಾಗ, "ಮನೇಲಿ ಅವಳು ಹೀಗೆ ನಗೋದಿಲ್ಲ" ಎಂದರು.

"ನನ್ನ ಕ್ಷಮಿಸಿಬಿಡಿ, ಸೀ ಲಾರ್ಬಿ. ಅವಳಿಗೆ ಏನೂ ಗೊತ್ತಿಲ್ಲ. ಅಳತೆ ಯಂತ್ರ ಅಂತ ನಾನೇ ಹೇಳಿದ್ದೆ."

ಅವರು ಚಾಚಿದ ಕಾಲನ್ನು ಕೈಯಿಂದ ಎತ್ತಿ ಸರಿಮಾಡಿಕೊಂಡರು.

"ನನ್ನ ಕ್ಷಮೆ ಕೇಳಿ ಏನು ಬಂತು, ಲಲ್ಲಾ? ನಾನು ಬೀದೀಲಿ ನಡೆಯೋನು, ನನ್ನ ಕಾಲು ಊರೇ ನೋಡಿದೆ. ತಲೆ ಬಿಚ್ಕೊಂಡು ಗಂಡಸರ ಮುಂದೆ ನಿಂತಿರೋಳು ಅವಳು. ಮಾನ ಹೋಗಿದ್ದು ಅವಳದು." ಅವರು ಗೋಡೆಯನ್ನೇ ನೋಡುತ್ತಿದ್ದರು. "ನಾನು ನೋಡಿದೆ ಅಂತ ಅವಳಿಗೆ ಹೇಳ್ಬೇಡಿ. ಇನ್ಮೇಲೆ ಬೇಡ ಅಂತ ಅವಳನ್ನ ತಡೀಲೂ ಬೇಡಿ. ಅವಳು ಮಾಡಿದಾಗ ನೀವು ಮೊದಲಿನ ಹಾಗೇ ನಗ್ಬೇಕು. ನೀವು ನಗದೆ ಇದ್ರೆ ಯಾಕೆ ಅಂತ ಯೋಚಿಸ್ತಾಳೆ. ಯೋಚಿಸಿದ್ರೆ ತಿಳಿದುಬಿಡುತ್ತೆ. ಚುರುಕಿನ ಹೆಂಗಸು ಅವಳು."

ತುರಿಯಾ ಆಗಲಿ ಎಂದಳು. ಅವರು ಏನು ಕೇಳಿದ್ದರೂ ಆಗಲಿ ಎನ್ನುತ್ತಿದ್ದಳು. ಹೊಡೆದಿದ್ದರೂ ಬೈದಿದ್ದರೂ ಅವಳಿಗೆ ಇಷ್ಟು ಭಾರವಾಗುತ್ತಿರಲಿಲ್ಲ.

ಒಮ್ಮೆಗೇ ಗೋಡೆಗಳೆಲ್ಲ ಆರಿದವು, ಸ್ಪೀಕರು ಅರ್ಧ ಮಾತಿಗೇ ನಿಂತಿತು. ಇಹ್ಸಾನಳಿಗೆ ಬೀಗದ ಕೈ ಸಿಕ್ಕಿತ್ತು. ಕಡುಗತ್ತಲೆಯಲ್ಲಿ ಜನ ಗೊಣಗಿದರು, ಯಾರೋ ಶಿಳ್ಳೆ ಹಾಕಿದರು. ಸೀ ಲಾರ್ಬಿ ಇದಕ್ಕೇ ಕಾಯುತ್ತಿದ್ದವರಂತೆ ಎದ್ದರು. ಅವರ ಹೆಜ್ಜೆಯ ಸದ್ದು ತುರಿಯಾಳಿಗೆ ಕೇಳಿಸಿತು, ಒಂದು ಗಟ್ಟಿಯಾಗಿ, ಒಂದು ನೆಲ ಸವರಿಕೊಂಡು. ಅವರು ಬೇಗ ಬೇಗ ನಡೆಯಲು ನೋಡುತ್ತಿದ್ದರು. ದೀಪ ಹತ್ತಿಕೊಳ್ಳುವ ಮುಂಚೆ ಬಾಗಿಲು ಮುಟ್ಟಬೇಕಿತ್ತು. ಅವಳು ಕೈ ಕೊಡುವಂತಿರಲಿಲ್ಲ, ಪರಪುರುಷ. ಕೊಡಬಹುದಾಗಿದ್ದರೂ ಆ ಕೈಯನ್ನು ಅವರು ಹಿಡಿಯುತ್ತಿದ್ದರೇ ಎಂಬುದು ಬೇರೆ ಮಾತು. ದೀಪ ಬಂದಾಗ ಅವರು ಬತೂಲ್ ಕಾಯುತ್ತಿದ್ದ ಬಾಗಿಲಿನ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಏದುಸಿರು ಬಿಡುತ್ತ, ಆಗಷ್ಟೇ ಇಣುಕಿ ನೋಡಲು ಬಂದವರಂತೆ ನಿಂತಿದ್ದರು.

ಏನು ನೋಡಿದಿರಿ ಎಂದು ಬತೂಲ್ ಕೇಳಿದಳು. ಕತ್ತಲೆ, ಏನೂ ಕಾಣಲಿಲ್ಲ, ಸ್ವಲ್ಪ ನಿದ್ದೆ ಬಂತು ಎಂದರು.

ಇಹ್ಸಾನ್ ಕಣ್ಣು ಕೆಂಪಗೆ ಮಾಡಿಕೊಂಡು ಬಂದು, ಯಂತ್ರ ಇವತ್ತಿಗೆ ಸರಿಯಾಗುವುದಿಲ್ಲ ಎಂದು ನೆರೆಯವರಿಗೆ ಹೇಳಿದಳು. ತುರಿಯಾಳ ಕಿವಿಯಲ್ಲಿ, ಆ ಭಾಗವನ್ನು ಕತ್ತರಿಸಿ ಎಸೆದುಬಿಡುತ್ತೇನೆ, ಉಳಿದದ್ದಕ್ಕೂ ಒಬ್ಬೊಬ್ಬರನ್ನೂ ನಾನೇ ಬಂದು ಕೇಳುತ್ತೇನೆ ಎಂದಳು. ನಾನೇ ಎಂಬುದನ್ನು ಒತ್ತಿ ಹೇಳಿದಳು. ವ್ಯಾನಿನಲ್ಲಿ ವಾಪಸು ಬರುವಾಗ ಮೆನ್ನಾನಾ ಅಜ್ಜಿಗೆ ಹಬ್ಬ. ಜಪಾನಿನವರೂ ಇಲ್ಲ, ತಾರಸಿಯೂ ಇಲ್ಲ, ಇದ್ದ ಒಂದು ಬೆಂಚಿನಿಂದಲೂ ಎಬ್ಬಿಸಿದರು ಎಂದು ಊರು ಮುಟ್ಟುವವರೆಗೂ ಆಡಿಕೊಂಡಳು. ತುರಿಯಾಳ ಮುಖ ನೋಡಲಾರದೆ ಬತೂಲ್ ಡಬ್ಬಿ ತೆರೆದು ಒಂದು ಬಿಸ್ಕತ್ತನ್ನು ಅವಳ ಕೈಗಿಟ್ಟಳು.

"ಬೇಜಾರು ಮಾಡ್ಕೋಬೇಡ ಕಣೇ. ನಿನ್ನಿಂದ ನಮ್ಮೋರೂ ಒಂದಿನ ಹೊರಗೆ ಬಂದ್ರಲ್ಲ, ಅಷ್ಟು ಸಾಕು."

ತುರಿಯಾ ಬಿಸ್ಕತ್ತನ್ನು ಕೈಯಲ್ಲೇ ಹಿಡಿದುಕೊಂಡಳು. ಮುಂದಿನ ಸೀಟಿನಲ್ಲಿ ಸೀ ಲಾರ್ಬಿಯವರ ತಲೆ ಕಿಟಕಿಗೆ ಒರಗಿತ್ತು. ಅವರು ನಿದ್ದೆ ಮಾಡುತ್ತಿಲ್ಲ ಎಂಬುದು ಅವಳಿಗೊಬ್ಬಳಿಗೇ ಗೊತ್ತಿತ್ತು.

ಮಾರನೆಯ ದಿನ ತಾರಸಿಗೆ ಹೋಗುವುದೇ ಬೇಡ ಎಂದುಕೊಂಡಳು. ಆದರೆ ಅವಳು ಹೋಗದಿದ್ದರೆ ಓಣಿಯವರು ಏನಾಯಿತೆಂದು ಮನೆಗೇ ಬರುತ್ತಾರೆ. ಬಟ್ಟೆಯ ಬುಟ್ಟಿ ಹೊತ್ತು ಹತ್ತಿದಳು. ಬಿಸಿಲು ಚೆನ್ನಾಗಿತ್ತು, ಎಲ್ಲರೂ ಇದ್ದರು. ಸ್ವಲ್ಪ ಹೊತ್ತು ಟ್ಯಾಂಜಿಯರಿನ ಬೆಂಚಿನ ಕತೆ ನಡೆಯಿತು. ಆಮೇಲೆ ಮಾತು ಸೊರಗಿತು. ಇಂಥ ಹೊತ್ತಿನಲ್ಲಿ ಯಾವಾಗಲೂ ಕೇಳುವವಳು ತುರಿಯಾ. ಎಲ್ಲರೂ ಅವಳ ಮುಖ ನೋಡಿದರು. ಅವಳು ಬಗ್ಗಿ ಬಟ್ಟೆ ಹಿಂಡುತ್ತಿದ್ದಳು.

ಕೊನೆಗೆ ಮೆನ್ನಾನಾ ಅಜ್ಜಿಯೇ ಹೇಳಿದಳು, "ಸೀ ಲಾರ್ಬಿನ ಮಾಡೇ, ಬತೂಲ್."

"ಹೊಸದು ಇದೆ, ತಾಳಿ" ಎಂದಳು ಬತೂಲ್. ಹಗ್ಗದಿಂದ ನಿಲುವಂಗಿ ಎಳೆದು ತೊಟ್ಟು, ಮೆಟ್ಟಿಲಿನ ಬಾಗಿಲಿನೊಳಗೆ ಮರೆಯಾದಳು. ಒಂದು ಗಳಿಗೆ ಬಿಟ್ಟು ಕತ್ತಲೆಯಿಂದ ಹೆಜ್ಜೆಯ ಸದ್ದು ಬಂತು, ಒಂದು ಗಟ್ಟಿಯಾಗಿ, ಒಂದು ನೆಲ ಸವರಿಕೊಂಡು, ಬೇಗ ಬೇಗ. ಮುಖ ಹೊರಗೆ ಬಂತು. ಎರಡೂ ಕೈಯಲ್ಲಿ ಬಾಗಿಲಿನ ಚೌಕಟ್ಟು ಹಿಡಿದು, ಏದುಸಿರು ಬಿಡುತ್ತ, ಏನೂ ಆಗಿಲ್ಲವೆಂಬ ಗಾಂಭೀರ್ಯದಲ್ಲಿ ಆ ಕಡೆ ಈ ಕಡೆ ನೋಡಿ, "ಕತ್ತಲೆ, ಏನೂ ಕಾಣ್ಲಿಲ್ಲ" ಎಂದಳು. ಥೇಟು ಅವರೇ.

ತಾರಸಿಗಳೆಲ್ಲ ನಕ್ಕವು. ಬತೂಲಳ ಕಣ್ಣು ತುರಿಯಾಳ ಮೇಲಿತ್ತು, ಮೊದಲು ನಗಬೇಕಾದವಳು ಅವಳಲ್ಲವೇ. ತುರಿಯಾ ಬಟ್ಟೆ ಕೆಳಗಿಟ್ಟು ನಕ್ಕಳು. ಯಾವಾಗಲೂ ಎಲ್ಲರಿಗಿಂತ ಜೋರಾಗಿ ನಗುವವಳು ಅವಳು, ಹಾಗಾಗಿ ಜೋರಾಗಿಯೇ ನಗಬೇಕಾಯಿತು. ಸೀ ಲಾರ್ಬಿ ಕೆಳಗೆ ಮನೆಯಲ್ಲೇ ಇದ್ದರು. ತಾನು ಕೊಟ್ಟ ಮಾತು ನಡೆಸಿದ್ದೇನೆಂದು ಅವರಿಗೆ ತಿಳಿಯುವಷ್ಟು ಗಟ್ಟಿಯಾಗಿ ಅವಳು ನಕ್ಕಳು.